ಎನ್‌ವಿಡಿಎ ಪರದೆ ಓದುಗ: ಪದವಿಯಿಂದ ಎಂ.ಎ. ತನಕದ ಬಳಕೆಯ ಅನುಭವ

ಶಿರಸಿಯಲ್ಲಿ ಪದವಿಗೆ ಸೇರಿದಾಗಿನಿಂದ ಈಗ ಇತಿಹಾಸದಲ್ಲಿ ಎಂ.ಎ. ಓದುತ್ತಿರುವವರೆಗೆ, ದೃಷ್ಟಿಯಿಲ್ಲದ ನನ್ನ ಓದು ಬರಹವೆಲ್ಲ ನಡೆದಿರುವುದು ಎನ್‌ವಿಡಿಎ ತಂತ್ರಾಂಶದಿಂದ. ಸ್ವತಃ ಅಂಧರಾದ ಮೈಕೆಲ್ ಕರನ್ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದ ಈ ತಂತ್ರಾಂಶ ವಿಂಡೋಸ್ ಗಣಕಗಳಲ್ಲಿ ಪರದೆಯ ಮೇಲಿನ ಪಠ್ಯವನ್ನು ಓದಿ ಹೇಳುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಇದರ ಜೊತೆಗೇ ಬರುವ ಈಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ಅದು ಯಂತ್ರದ ದನಿಯೇ, ಮೊದಮೊದಲು ಕಿವಿಗೆ ಒಗ್ಗುವುದಿಲ್ಲ. ಆದರೆ ವೇಗ ಎಷ್ಟು ಹೆಚ್ಚಿಸಿದರೂ ಅಕ್ಷರಗಳು ಸ್ಪಷ್ಟವಾಗಿ ಕೇಳಿಸುವುದರಿಂದ ಪರೀಕ್ಷೆಯ ಓದಿಗೆ ನಾನು ಇದನ್ನೇ ಬಳಸುತ್ತೇನೆ. ಅಂತರ್ಜಾಲವಿಲ್ಲದೆ ಕೆಲಸ ಮಾಡುವುದು ಇದರ ಇನ್ನೊಂದು ದೊಡ್ಡ ಗುಣ. ಮಳೆಗಾಲದಲ್ಲಿ ನಮ್ಮ ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಆಗಲೂ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಓದು ನಿಲ್ಲುವುದಿಲ್ಲ. ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಕಾಲೇಜಿನ ಯಾವ ಗಣಕದಲ್ಲಾದರೂ, ಅಳವಡಿಸದೆಯೇ ನಡೆಸಬಹುದು.

ಇಷ್ಟೆಲ್ಲ ಇದ್ದರೂ ಈ ತಂತ್ರಾಂಶ ಓದಬಲ್ಲದ್ದು, ಬರೆದವರು ಓದಲು ಬರುವಂತೆ ಉಳಿಸಿದ್ದನ್ನು ಮಾತ್ರ. ನನಗೆ ಬರುವ ಟಿಪ್ಪಣಿಗಳಲ್ಲಿ ಹೆಚ್ಚಿನವು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದವು. ಕಣ್ಣಿಗೆ ಅಲ್ಲಿ ‘ಕನ್ನಡ’ ಎಂಬ ಪದ ಕಾಣುತ್ತದೆ. ಕಡತದ ಒಳಗೆ ಇರುವುದು ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಅದರ ಮುಂದೆ ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ. ಎನ್‌ವಿಡಿಎ ಅದನ್ನು ಇದ್ದ ಹಾಗೆಯೇ ಓದುತ್ತದೆ. ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಪಿಡಿಎಫ್ ಆದರೆ ಅಷ್ಟೂ ಕೇಳಿಸುವುದಿಲ್ಲ, ಏಕೆಂದರೆ ಅದರಲ್ಲಿ ಅಕ್ಷರಗಳೇ ಇಲ್ಲ, ಬರೀ ಚಿತ್ರವಿದೆ.

ಕನ್ನಡದ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡಿನಲ್ಲಿ ಬರೆದ ವರ್ಡ್ ಕಡತ ಬಂದ ದಿನ ಅನುಭವವೇ ಬೇರೆ. ಶೀರ್ಷಿಕೆಗಳಿಗೆ ವರ್ಡಿನ ಹೆಡಿಂಗ್ ಶೈಲಿ ಕೊಟ್ಟಿದ್ದರೆ, ಬ್ರೌಸ್ ಮೋಡಿನಲ್ಲಿ (ಇದರಲ್ಲಿ ಕೀಲಿಗಳು ಅಕ್ಷರ ಮೂಡಿಸದೆ ಕಡತದಲ್ಲಿ ಓಡಾಡಿಸುತ್ತವೆ) ಎಚ್ ಕೀಲಿ ಒತ್ತುತ್ತ ಕದಂಬರಿಂದ ಚಾಲುಕ್ಯರಿಗೆ, ಅಲ್ಲಿಂದ ರಾಷ್ಟ್ರಕೂಟರಿಗೆ ನೇರವಾಗಿ ಹೋಗುತ್ತೇನೆ. ಶೀರ್ಷಿಕೆಯನ್ನು ಬರೀ ದಪ್ಪಕ್ಷರ ಮಾಡಿಟ್ಟಿದ್ದರೆ ಇಡೀ ಅಧ್ಯಾಯವನ್ನು ಮೊದಲಿನಿಂದ ಕೇಳಬೇಕು. ನಮ್ಮ ಅಧ್ಯಾಪಕರೊಬ್ಬರು ಒಂದು ನಕ್ಷೆಯ ಪರ್ಯಾಯ ಪಠ್ಯದಲ್ಲಿ, ಅಂದರೆ ಚಿತ್ರದ ಬದಲು ಪರದೆ ಓದುಗ ಓದಿ ಹೇಳುವ ವಿವರಣೆಯಲ್ಲಿ, ‘ವರದಾ ನದಿಯ ದಂಡೆಯಲ್ಲಿ ಬನವಾಸಿ’ ಎಂದು ಆರಂಭಿಸಿ, ಸುತ್ತಲಿನ ಊರುಗಳು ಯಾವ ದಿಕ್ಕಿಗಿವೆ ಎಂಬುದನ್ನೂ ಬರೆದಿದ್ದರು. ಅವರಿಗೆ ಅದು ಕೆಲವು ನಿಮಿಷಗಳ ಕೆಲಸ. ನನಗೆ ಆ ಪಾಠ ಪೂರ್ತಿಯಾಗಿ ದಕ್ಕಿತು. ಉಳಿದ ಕಡೆಗಳಲ್ಲಿ ‘ಗ್ರಾಫಿಕ್’ ಎಂಬ ಒಂದೇ ಮಾತು ಕೇಳಿಸುತ್ತದೆ.

ಟಿಪ್ಪಣಿ ತಯಾರಿಸುವವರಲ್ಲಿ ನನ್ನದೊಂದು ವಿನಂತಿಯಿದೆ. ಕನ್ನಡದ ಮಟ್ಟಿಗೆ ಪಿಡಿಎಫ್‌ಗಿಂತ ವರ್ಡ್ ಕಡತವೇ ಮೇಲು. ಯೂನಿಕೋಡ್ ಪಠ್ಯವೂ ಪಿಡಿಎಫ್ ಆದಾಗ ಒತ್ತಕ್ಷರಗಳು ಕೆಡುವುದುಂಟು. ಪಿಡಿಎಫ್ ಬೇಕೇ ಬೇಕೆಂದರೆ ಅದನ್ನು ‘ಪ್ರಿಂಟ್’ ಮೂಲಕ ಮಾಡದೆ ‘ಸೇವ್ ಆ್ಯಸ್’ ಮೂಲಕ, ಯಾವುದು ಶೀರ್ಷಿಕೆ ಯಾವುದು ಪಠ್ಯ ಎಂದು ಗುರುತಿಸುವ ರಚನೆಯ ಟ್ಯಾಗ್‌ಗಳ ಆಯ್ಕೆಯನ್ನು ಉಳಿಸಿ ಮಾಡಿದರೆ ಶೀರ್ಷಿಕೆಗಳು ಕಳೆದುಹೋಗುವುದಿಲ್ಲ. ಇದನ್ನು ದಯೆಯೆಂದು ಕೇಳುತ್ತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಂ ಮಾಹಿತಿ ಎಲ್ಲರಿಗೂ ದಕ್ಕುವ ರೂಪದಲ್ಲಿರಬೇಕೆನ್ನುತ್ತದೆ. ಡಿಜಿಟಲ್ ಸೌಲಭ್ಯಗಳನ್ನು ಪಡೆಯುವುದು ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ.

ಹೊಸದಾಗಿ ಬಳಸುವವರು ಮೊದಲ ದಿನವೇ ಕ್ಯಾಪ್ಸ್ ಲಾಕ್ ಅನ್ನು, ಆದೇಶ ಕೊಡುವಾಗ ಬೇರೆ ಕೀಲಿಗಳ ಜೊತೆ ಒತ್ತಬೇಕಾದ ಎನ್‌ವಿಡಿಎ ಕೀಲಿಯಾಗಿ ಮಾಡಿಕೊಳ್ಳಲಿ, ಸಣ್ಣ ಲ್ಯಾಪ್‌ಟಾಪುಗಳಲ್ಲಿ ಇನ್ಸರ್ಟ್ ಕೀಲಿ ಹುಡುಕುವ ಕಷ್ಟ ತಪ್ಪುತ್ತದೆ. ಧ್ವನಿಯ ವೇಗವನ್ನು ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಿಕೊಂಡು ಹೋಗಲಿ.