ಮಲೆನಾಡಿನ ತಿರುವುಗಳಲ್ಲಿ ಕಾರಿನ ಬಲಗಂಬ: ದೀರ್ಘ ಬಳಕೆಯ ವಿಮರ್ಶೆ

ನಾನು ಚಿಕ್ಕಮಗಳೂರಿನಲ್ಲಿ ಕೆಲವು ವರ್ಷಗಳಿಂದ ಓಡಿಸುತ್ತಿರುವುದು ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಆರು ಏರ್‌ಬ್ಯಾಗ್‌ಗಳಿರುವ ಪೆಟ್ರೋಲ್ ಎಸ್‌ಯುವಿ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಕೊರತೆ ಈ ಅಳತೆಯ ಇಂದಿನ ಕಾರುಗಳಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಇರುವಂಥದ್ದು. ಎಂಜಿನ್, ಗೇರು, ಬ್ರೇಕು ಇವುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ತೋಟದ ಮಣ್ಣುರಸ್ತೆಯಲ್ಲಿ ತಳ ತಾಗುವುದಿಲ್ಲ, ಏರಿನಲ್ಲಿ ಎರಡನೆಯ ಗೇರಿನಲ್ಲೇ ಆರಾಮವಾಗಿ ಹತ್ತುತ್ತದೆ, ಸರ್ವಿಸ್ ಖರ್ಚು ಮಿತಿಯಲ್ಲಿದೆ. ಈ ಬರಹವನ್ನು ಪೂರ್ತಿಯಾಗಿ ಮೀಸಲಿಟ್ಟಿರುವುದು ಒಂದೇ ಭಾಗಕ್ಕೆ: ಮುಂದಿನ ಗಾಜಿನ ಇಕ್ಕೆಲಗಳಲ್ಲಿ ಛಾವಣಿಯನ್ನು ಹೊತ್ತು ನಿಂತಿರುವ, ಎ-ಪಿಲ್ಲರ್ ಎಂದು ಕರೆಯುವ ಕಂಬಗಳಿಗೆ, ಅದರಲ್ಲೂ ಚಾಲಕನ ಬಲಗಡೆಯ ಕಂಬಕ್ಕೆ.

ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಬಲಗಂಬ ಕಣ್ಣಿಗೆ ತೀರ ಹತ್ತಿರ. ಎಡಗಂಬ ಅದರ ಸುಮಾರು ಎರಡು ಪಟ್ಟು ದೂರದಲ್ಲಿದ್ದು, ಅಷ್ಟೇ ದಪ್ಪವಿದ್ದರೂ ಅರ್ಧದಷ್ಟು ಮಾತ್ರ ಅಡ್ಡ ಬರುತ್ತದೆ. ನೇರ ಹೆದ್ದಾರಿಯಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಆದರೆ ಕೈಮರ ಎಂಬ ಊರು ದಾಟಿ ಸೀತಾಳಯ್ಯನಗಿರಿಯ ಕಡೆಗೆ ಹತ್ತುವ ರಸ್ತೆಯಲ್ಲಿ, ಬಲಕ್ಕೆ ಹೊರಳುವ ಹೇರ್‌ಪಿನ್ ತಿರುವು ಬಂದಾಗ ಚಾಲಕನು ನೋಡಬೇಕಾದದ್ದು ಬಾನೆಟ್ಟಿನ ಮುಂದಿನ ರಸ್ತೆಯನ್ನಲ್ಲ. ಬಲಗಡೆ ಮೇಲಿನಿಂದ ಇಳಿದು ಬರುತ್ತಿರುವ ರಸ್ತೆಯನ್ನು. ಆ ನೋಟದ ದಾರಿಯಲ್ಲೇ ಕಂಬ ನಿಂತಿದೆ. ಅದರ ಬುಡಕ್ಕೆ ಅಂಟಿಕೊಂಡಂತೆ ಪಕ್ಕದ ಕನ್ನಡಿ. ಎರಡರ ನಡುವೆ ಬೆಳಕಿಂಡಿಯಷ್ಟಾದರೂ ಸಂದು ಬಿಟ್ಟಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಕನ್ನಡಿಯನ್ನು ಬಾಗಿಲಿನ ಮೈಮೇಲೆ ಕೂರಿಸಿ, ಕಂಬದ ಮೂಲೆಯಲ್ಲಿ ಸಣ್ಣ ತ್ರಿಕೋನ ಗಾಜು ಕೊಡುವ ಕಾರುಗಳೂ ಇವೆ. ನನ್ನ ಕಾರಿನಲ್ಲಿ ಆ ಮೂಲೆಯನ್ನು ಕಪ್ಪು ಪ್ಲಾಸ್ಟಿಕ್ಕಿನಿಂದ ಮುಚ್ಚಲಾಗಿದೆ. ವಾರಾಂತ್ಯದಲ್ಲಿ ಪ್ರವಾಸಿಗರ ಕಾರುಗಳು ಸಾಲಾಗಿ ಇಳಿಯುವ ಹೊತ್ತಿನಲ್ಲಿ ಇದು ಸಣ್ಣ ವಿಷಯವಲ್ಲ. ಘಟ್ಟದ ಕಿರಿದಾದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂಬ ನಿಯಮವಿದ್ದರೂ, ಅದು ಗೊತ್ತಿಲ್ಲದೆ ಇಳಿದು ಬರುವವರೇ ಹೆಚ್ಚು. ಆದ್ದರಿಂದ ಅವರನ್ನು ಮೊದಲೇ ಕಂಡುಕೊಳ್ಳುವ ಹೊಣೆ ಹತ್ತುವವನ ಮೇಲೇ ಬೀಳುತ್ತದೆ.

ಮರೆ ಎಷ್ಟು ದೊಡ್ಡದೆಂದು ತಿಳಿಯಲು ಕಾಫಿ ಒಣಗಿಸುವ ಕಣದಲ್ಲಿ ಕಾರು ನಿಲ್ಲಿಸಿ ಟೇಪು ಹಿಡಿದು ಅಳೆದೆವು. ಕೂತ ಜಾಗದಿಂದ ಕಾಣುವ ಕಂಬದ ಅಗಲ, ಒಳಗಿನ ಹೊದಿಕೆಯೂ ಸೇರಿ, ಸುಮಾರು 12 ಸೆಂಟಿಮೀಟರ್. ಕಣ್ಣಿನಿಂದ ಅದಕ್ಕಿರುವ ದೂರ ಸುಮಾರು 70 ಸೆಂಟಿಮೀಟರ್. ಮನುಷ್ಯನ ಎರಡು ಕಣ್ಣುಗಳ ನಡುವಿನ ಅಂತರ ಸರಾಸರಿ ಆರೂವರೆ ಸೆಂಟಿಮೀಟರಿನಷ್ಟು. ಕಂಬ ಇದಕ್ಕಿಂತ ತೆಳ್ಳಗಿದ್ದರೆ ಒಂದು ಕಣ್ಣಿಗೆ ಮರೆಯಾದದ್ದು ಇನ್ನೊಂದಕ್ಕೆ ಕಾಣುವುದರಿಂದ, ತುಸು ದೂರದಾಚೆ ಯಾವುದೂ ಪೂರ್ತಿ ಮರೆಯಾಗದು. ಹಳೆಯ ಮಾರುತಿ 800ರ ಸಪೂರ ಕಂಬದ ಹಿಂದೆ ಯಾರೂ ಅಡಗದಂತೆ ತೋರುತ್ತಿದ್ದುದಕ್ಕೆ ಕಾರಣ ಇದೇ. ಕಂಬ ಕಣ್ಣುಗಳ ಅಂತರಕ್ಕಿಂತ ದಪ್ಪವಾದರೆ ಲೆಕ್ಕ ತಿರುಗಿಬೀಳುತ್ತದೆ: ದೂರ ಹೋದಷ್ಟೂ ಮರೆ ಅಗಲವಾಗುತ್ತದೆ. ನಮ್ಮ ಅಳತೆಯ ಪ್ರಕಾರ 20 ಮೀಟರ್ ದೂರದಲ್ಲಿ ಎರಡೂ ಕಣ್ಣಿಗೆ ಕಾಣದ ಜಾಗ ಒಂದೂವರೆ ಮೀಟರಿಗೂ ಹೆಚ್ಚು. ಅಣ್ಣನ ಮಗ ಅಷ್ಟು ದೂರದಲ್ಲಿ ಬೈಕನ್ನು ನನ್ನತ್ತ ಮುಖಮಾಡಿ ನಿಲ್ಲಿಸಿದಾಗ, ಕಂಬದ ಕೆಳಭಾಗದ ಬಲ ಅಂಚಿನಲ್ಲಿ ಮುಂದಿನ ಚಕ್ರದ ಒಂದು ಚೂರು ಬಿಟ್ಟರೆ ಬೈಕೂ ಕಾಣಲಿಲ್ಲ, ಅವನೂ ಕಾಣಲಿಲ್ಲ. ಅವನು ಕೈ ಬೀಸಿದ ಮೇಲೆ ಬೆರಳುಗಳಷ್ಟೇ ಹೊರಗೆ ಬಂದವು.

ಊರೊಳಗಿನ ಅಪಾಯ ಬೇರೆ ಬಗೆಯದು. ಹನುಮಂತಪ್ಪ ವೃತ್ತದಂಥ ಕಡೆ ವಾಹನಗಳು ಬರುವುದು ಬಲದಿಂದ, ಅಂದರೆ ದಪ್ಪನೆಯ ಮರೆಯ ದಿಕ್ಕಿನಿಂದಲೇ. ಎರಡು ವಾಹನಗಳು ಒಂದೇ ಬಿಂದುವನ್ನು ಏಕಕಾಲಕ್ಕೆ ಮುಟ್ಟುವಂತೆ ತಂತಮ್ಮ ವೇಗವನ್ನು ಬದಲಿಸದೆ ಸಾಗುತ್ತಿದ್ದರೆ, ಒಂದರಿಂದ ನೋಡಿದಾಗ ಇನ್ನೊಂದರ ದಿಕ್ಕು ಬದಲಾಗುವುದಿಲ್ಲ. ದೂರ ಮಾತ್ರ ಕಡಿಮೆಯಾಗುತ್ತದೆ. ಕಂಬವು ನೇರ ನೋಟದಿಂದ 30 ಡಿಗ್ರಿ ಬಲಕ್ಕಿದೆ ಎಂದಿಟ್ಟುಕೊಂಡರೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವ ಕಾರಿಗೆ, ಅಡ್ಡರಸ್ತೆಯಿಂದ 17 ಕಿ.ಮೀ. ಆಸುಪಾಸಿನ ವೇಗದಲ್ಲಿ ಬರುವ ಸೈಕಲ್ಲು ಮೊದಲಿನಿಂದ ಕೊನೆಯವರೆಗೂ ಕಂಬದ ಹಿಂದೆಯೇ ಉಳಿಯಬಹುದು. ‘ಎಲ್ಲಿಂದ ಬಂದನೋ ಗೊತ್ತಾಗಲಿಲ್ಲ’ ಎಂದು ಚಾಲಕರು ಹೇಳುವ ಮಾತನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕಲಾಗದು. ಪರಿಹಾರ ಸರಳ, ರೂಢಿಯಾಗಲು ಮಾತ್ರ ಸಮಯ ಬೇಕು: ವೃತ್ತಕ್ಕೆ ಬರುವ ಮೊದಲೇ ವೇಗ ಬದಲಿಸಬೇಕು, ಬರೀ ಕತ್ತು ತಿರುಗಿಸಿದರೆ ಸಾಲದು, ಸೊಂಟದಿಂದ ಮೇಲಿನ ಮೈಯನ್ನೇ ಮುಂದಕ್ಕೆ ಬಾಗಿಸಿ ಮತ್ತೆ ಹಿಂದಕ್ಕೆ ಒರಗಬೇಕು. ಕಣ್ಣು ಒಂದು ಗೇಣು ಸರಿದರೆ ಕಂಬದ ಹಿಂದಿನದು ಹೊರಗೆ ಬರುತ್ತದೆ.

ಮಳೆಗಾಲದಲ್ಲಿ ಕಂಬ ಇನ್ನೂ ದಪ್ಪಗಾಗುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ವೈಪರ್ ತಳ್ಳಿದ ನೀರು ಬಲ ಅಂಚಿಗೆ ಬಂದು ನಿಲ್ಲುತ್ತದೆ, ಅಲ್ಲಿ ವೈಪರ್ ಮುಟ್ಟದ ಮೂರು ಬೆರಳಗಲದ ಪಟ್ಟಿ ಸದಾ ಕಲಕಿಕೊಂಡೇ ಇರುತ್ತದೆ; ಪಕ್ಕದ ಗಾಜಿಗೆ ಒಳಗಿನಿಂದ ಹಬೆ ಹಿಡಿದರೆ ಕಂಬದ ಎರಡೂ ಬದಿ ಕುರುಡು. ಆಲ್ದೂರಿನ ಕಡೆ, ಕೊಟ್ಟಿಗೆಹಾರದ ಕಡೆ ಜುಲೈ ತಿಂಗಳಲ್ಲಿ ಬೆಳಿಗ್ಗೆ ತೋಟದ ಕೆಲಸಕ್ಕೆ ಹೋಗುವವರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ರಸ್ತೆಯಂಚಿನಲ್ಲೇ ನಡೆಯುತ್ತಾರೆ. ಮಂಜು, ಸಿಲ್ವರ್ ಮರಗಳ ನೆರಳು, ಕಪ್ಪು ಕೊಪ್ಪೆ, ಇಷ್ಟರ ನಡುವೆ ಮೊದಲೇ ಅರ್ಧ ಕಾಣುವ ಮನುಷ್ಯನನ್ನು ಉಳಿದರ್ಧ ಕಂಬ ನುಂಗುತ್ತದೆ. ಎಸಿಯ ಬಲತುದಿಯ ಕಿಂಡಿಯನ್ನು ಪಕ್ಕದ ಗಾಜಿನತ್ತ ತಿರುಗಿಸಿಡುವುದು, ವೈಪರ್ ರಬ್ಬರನ್ನು ಮಳೆಗೆ ಮುಂಚೆಯೇ ಬದಲಿಸುವುದು, ಇವೆರಡರಿಂದ ನನಗೆ ನಿಜವಾದ ಉಪಯೋಗವಾಗಿದೆ.

ಶೋರೂಮಿನಲ್ಲಿ ಕೇಳಿದಾಗ ‘ಕಂಬ ದಪ್ಪ ಇದ್ದಷ್ಟೂ ಗಾಡಿ ಗಟ್ಟಿ ಸಾರ್’ ಎಂದಿದ್ದರು. ಅರ್ಧ ಸತ್ಯ. ಕಾರು ಮಗುಚಿದಾಗ ಛಾವಣಿ ಕುಸಿಯದಂತೆ ತಡೆಯುವುದು, ಎದುರಿನ ಡಿಕ್ಕಿಯ ಹೊಡೆತವನ್ನು ಹೊರುವುದು ಈ ಕಂಬದ ಕೆಲಸ. ಡಿಕ್ಕಿಯಾದಾಗ ಪಕ್ಕದ ಗಾಜಿನ ಮೇಲೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗಿನ ಮುಂತುದಿಯೂ ಇದರೊಳಗೇ ಅಡಗಿರುತ್ತದೆ. ಗಾಳಿಯನ್ನು ಸೀಳಲೆಂದು ಗಾಜನ್ನು ಹಿಂದಕ್ಕೆ ವಾಲಿಸಿದಷ್ಟೂ ಕಂಬ ಉದ್ದವಾಗಿ, ಗಟ್ಟಿಯಾಗಿರಲು ದಪ್ಪವನ್ನೂ ಬೇಡುತ್ತದೆ. ಅಮೆರಿಕದಲ್ಲಿ 2009ರ ನಿಯಮವು ಕಾರಿನ ಛಾವಣಿ ವಾಹನದ ತೂಕದ ಒಂದೂವರೆ ಪಟ್ಟು ತಡೆದರೆ ಸಾಕೆಂಬುದನ್ನು ಮೂರು ಪಟ್ಟಿಗೆ ಏರಿಸಿತು. ಆದರೆ ಗಟ್ಟಿತನಕ್ಕೆ ದಪ್ಪವೊಂದೇ ದಾರಿಯಲ್ಲ. ವೋಲ್ವೋ 2001ರಲ್ಲಿ ತೋರಿಸಿದ ಪ್ರಾಯೋಗಿಕ ಕಾರಿನಲ್ಲಿ ಕಂಬವನ್ನು ಆಚೆಯದು ಕಾಣುವಂತೆ ಜಾಲರಿಯ ರೂಪದಲ್ಲಿ ಮಾಡಿತ್ತು. ಹೋಂಡಾದ ಎರಡನೆಯ ತಲೆಮಾರಿನ ಎನ್‌ಎಸ್‌ಎಕ್ಸ್ ಕಾರಿನಲ್ಲಿ ಅತಿ ಗಟ್ಟಿ ಉಕ್ಕನ್ನು ಕಾಯಿಸಿ ಬಾಗಿಸಿ ತೆಳ್ಳನೆಯ ಕಂಬ ಕೂರಿಸಲಾಗಿತ್ತು. ಅಂಥ ಉಕ್ಕು ದುಬಾರಿ ಎಂಬುದೇ ನಮ್ಮ ಬೆಲೆಯ ಕಾರುಗಳಿಗೆ ತೊಡಕು.

ನಿಯಮವೂ ಇದೆ. ವಿಶ್ವಸಂಸ್ಥೆಯ 125ನೆಯ ವಾಹನ ನಿಯಮದ ಪ್ರಕಾರ ಒಂದೊಂದು ಕಂಬವೂ ಎರಡೂ ಕಣ್ಣುಗಳಿಗೆ ಒಟ್ಟಾಗಿ ಮರೆಮಾಡುವ ಕೋನ 6 ಡಿಗ್ರಿ ಮೀರಬಾರದು. ನನ್ನ ಕಾರಿನ ಲೆಕ್ಕ ನಾಲ್ಕೂವರೆ ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಅಂದರೆ ಮನೆಯ ಟೇಪಿನ ಅಳತೆಗೆ ಅದು ಮಿತಿಯೊಳಗೇ ಇದೆ. ಆದರೂ ಒಂದು ಬೈಕನ್ನು ನುಂಗುತ್ತದೆ. 2023ರ ಅಕ್ಟೋಬರಿನಿಂದ ಜಾರಿಗೆ ಬಂದ, ಕಾರುಗಳಿಗೆ ಡಿಕ್ಕಿ ಪರೀಕ್ಷೆ ನಡೆಸಿ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್‌ನ ನಕ್ಷತ್ರಗಳು ಡಿಕ್ಕಿಯಾದ ಮೇಲೆ ಒಳಗಿದ್ದವರು ಎಷ್ಟು ಸುರಕ್ಷಿತ ಎಂಬುದನ್ನೇ ಮುಖ್ಯವಾಗಿ ಹೇಳುತ್ತವೆ. ಕಂಬ ಎಷ್ಟು ಮರೆಮಾಡುತ್ತದೆ ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ನಕ್ಷತ್ರ ನೋಡಿಯೇ ಈ ಕಾರು ಕೊಂಡೆ, ಮತ್ತೆ ಕೊಳ್ಳುವಾಗಲೂ ನೋಡುತ್ತೇನೆ, ಆದರೆ ಅದೊಂದನ್ನೇ ನೋಡಿ ನಿರ್ಧರಿಸುವುದಿಲ್ಲ.

ಒಂದೇ ಕಂಬ ಎಲ್ಲರಿಗೂ ಒಂದೇ ಸಮನಾಗಿ ಅಡ್ಡ ಬರುವುದಿಲ್ಲ. ನನ್ನ ಹೆಂಡತಿ ನನಗಿಂತ ಕುಳ್ಳಗಿದ್ದು, ಕ್ಲಚ್ ಎಟುಕಲು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುವುದರಿಂದ ಅವಳ ಕಣ್ಣಿಗೆ ಕಂಬ ಇನ್ನೂ ಹತ್ತಿರ. ಸೀಟು ತಗ್ಗಿನಲ್ಲಿದ್ದರೆ ಕನ್ನಡಿಯೂ ಅದರೊಂದಿಗೆ ಸೇರಿ ಒಂದೇ ಗೋಡೆಯಾಗುತ್ತದೆ. ಸೀಟಿನ ಎತ್ತರವನ್ನು ಪೂರ್ತಿ ಏರಿಸಿ, ಸ್ಟಿಯರಿಂಗನ್ನು ಇಳಿಸಿದ ಮೇಲೆ ಕನ್ನಡಿ ನೋಟದಿಂದ ಕೆಳಗಿಳಿಯಿತು. ಕಂಬ ಮಾತ್ರ ಅಲ್ಲೇ ಇದೆ. ಅವಳೀಗ ಗಿರಿಯ ರಸ್ತೆಗೆ ಈ ಕಾರನ್ನು ಒಯ್ಯುವುದಿಲ್ಲ. ದುಬಾರಿ ಮಾದರಿಗಳ 360 ಡಿಗ್ರಿ ಕ್ಯಾಮೆರಾ ನಿಲ್ಲಿಸುವಾಗಿನ ಅನುಕೂಲಕ್ಕೆ, ಬ್ಲೈಂಡ್‌ಸ್ಪಾಟ್ ಎಚ್ಚರಿಕೆ ಪಕ್ಕ ಮತ್ತು ಹಿಂದಿನವರಿಗಾಗಿ. ಮುಂಗಂಬದ ಮರೆಗೆ ಎರಡೂ ಮದ್ದಲ್ಲ. ಆಕ್ಸೆಸರಿ ಅಂಗಡಿಯಲ್ಲಿ ಕಂಬದ ಒಳಮೈಗೆ ಅಂಟಿಸುವ ಸಣ್ಣ ಉಬ್ಬುಗನ್ನಡಿ ತೋರಿಸಿದರು. ಏರ್‌ಬ್ಯಾಗ್ ಎಂದು ಅಚ್ಚೊತ್ತಿರುವ ಹೊದಿಕೆಯ ಮೇಲೆ ಏನನ್ನೂ ಅಂಟಿಸಬಾರದು. ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಆ ವಸ್ತು ನೇರ ಮುಖಕ್ಕೆ ಹಾರಬಹುದು.

ಹಾಸನ, ಬೆಂಗಳೂರು ಕಡೆಯ ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರು ಈ ಬಗೆಯ ಕಾರನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ದಿನವೂ ಘಟ್ಟ ಹತ್ತಿಳಿಯುವವರು, ಅದರಲ್ಲೂ ಎತ್ತರ ಕಡಿಮೆ ಇರುವವರು, ಶೋರೂಮಿನವರು ಬೈಪಾಸಿನಲ್ಲಿ ಒಂದು ಸುತ್ತು ಹೊಡೆಸಿ ತರುವ ಟೆಸ್ಟ್ ಡ್ರೈವಿಗೆ ಒಪ್ಪಬಾರದು. ಕೈಮರದಿಂದಾಚೆ ಬಲಕ್ಕೆ ಹೊರಳುವ ಒಂದಾದರೂ ತಿರುವಿನವರೆಗೆ ಕಾರು ಬೇಕೆಂದು ಪಟ್ಟುಹಿಡಿಯಬೇಕು. ಮನೆಯಲ್ಲಿ ಆ ಕಾರನ್ನು ಓಡಿಸುವವರೆಲ್ಲರೂ ತಂತಮ್ಮ ಎತ್ತರಕ್ಕೆ ಸೀಟು ಹೊಂದಿಸಿಕೊಂಡು ಸರದಿಯಂತೆ ಚಾಲಕನ ಜಾಗದಲ್ಲಿ ಕೂತು ನೋಡಿದ ಮೇಲೆಯೇ ಮುಂಗಡ ಕಟ್ಟಬೇಕು.