ನನ್ನ ವಿಡಿಯೋ ನೋಡಿ ಆ ಕ್ಲಿನಿಕ್‌ಗೆ ಹೋಗಬೇಡಿ

ಮೊದಲು ಇದನ್ನು ಹೇಳಿಬಿಡುತ್ತೇನೆ. ವಯಸ್ಸಾದವರೊಬ್ಬರು ತಾವೇ ಅಂಗಿಯ ಗುಂಡಿ ಹಾಕಿಕೊಳ್ಳುವ ಒಂದು ವಿಡಿಯೋ ನಿಮ್ಮಲ್ಲಿ ಕೆಲವರಿಗೆ ವಾಟ್ಸಾಪಿನಲ್ಲಿ ಬಂದಿರಬಹುದು. ಹಿಂದೆ ಒಂದು ದನಿ ಇದೆ, "ನೋಡಿ, ಸ್ಟೆಮ್ ಸೆಲ್ ಹಾಕಿಸಿ ಒಂಬತ್ತೇ ದಿನ" ಅಂತ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಆ ವಯಸ್ಸಾದವರು ನಮ್ಮಪ್ಪ. ಆ ದನಿ ನನ್ನದು. ಯಾರೂ ಒತ್ತಾಯ ಮಾಡಿರಲಿಲ್ಲ, ನಾನೇ ಖುಷಿಗೆ ಮಾಡಿ ಹಂಚಿದ್ದು. ದಯವಿಟ್ಟು ಅದನ್ನು ನಂಬಿ ಯಾರೂ ಹೋಗಬೇಡಿ.

ಅಪ್ಪನಿಗೆ ಆರು ವರ್ಷದಿಂದ ಪಾರ್ಕಿನ್ಸನ್, ಕೈಕಾಲು ನಡುಗಿಸುವ ಮೆದುಳಿನ ಕಾಯಿಲೆ. ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಬೋರ್ಡ್ ಮೇಲಿನ ಅವರ ದುಂಡಗಿನ ಅಕ್ಷರವನ್ನು ಹಳೇ ವಿದ್ಯಾರ್ಥಿಗಳು ಈಗಲೂ ನೆನೆಸಿಕೊಳ್ಳುತ್ತಾರೆ. ಈಗ ಸಹಿ ಇರುವೆ ಸಾಲಿನಷ್ಟು ಚಿಕ್ಕದಾಗಿ, ಬ್ಯಾಂಕಿನವರು ಚೆಕ್ ವಾಪಸ್ ಕಳಿಸುತ್ತಾರೆ. ಕೈ ನಡುಗಿ ಸಾರು ಚೆಲ್ಲುತ್ತದೆ ಅಂತ ಮದುವೆ ಮನೆ ಊಟಕ್ಕೂ ಬರುವುದಿಲ್ಲ. ಮನೆಯಲ್ಲಿ ಇಂಥವರಿದ್ದರೆ ನಿಮಗೆ ಗೊತ್ತಿರುತ್ತೆ, ಯಾರೋ ದಾರಿಹೋಕ "ವಾಸಿ ಆಗುತ್ತೆ" ಅಂದರೂ ನಿಂತು ಕೇಳುತ್ತೀರಿ.

ಕ್ಲಿನಿಕ್ ಬೆಂಗಳೂರಿನಲ್ಲಿದೆ. ಹೆಸರು ಹಾಕುತ್ತಿಲ್ಲ. ಗ್ರಾಹಕರ ಆಯೋಗದಲ್ಲಿ ಕೇಸ್ ಹಾಕಿದ್ದೇನೆ, ಅದು ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಿ ಅಂತ ವಕೀಲರು ಹೇಳಿದ್ದಾರೆ. ಅರ್ಧ ಮಾತ್ರ ಮುಚ್ಚಿಕೊಂಡಿದ್ದೇನೆ.

ಮೊದಲ ದಿನ ನಮ್ಮ ಜೊತೆ ಒಂದು ಗಂಟೆ ಕೂತು ಮಾತಾಡಿದ್ದು ಡಾಕ್ಟರ್ ಅಲ್ಲ, "ಪೇಷಂಟ್ ಕೌನ್ಸೆಲರ್". ಕಾಫಿ ಕೊಟ್ಟರು. ಅಪ್ಪನಿಗೆ ಚೆಲ್ಲದ ಹಾಗೆ ಮುಚ್ಚಳದ ಲೋಟದಲ್ಲಿ ಕೊಟ್ಟರು, ಅಮ್ಮ ಅಲ್ಲೇ ಕರಗಿಬಿಟ್ಟಳು. ಆಮೇಲೆ ಟ್ಯಾಬ್‌ನಲ್ಲಿ ಫೋಟೋ ತೋರಿಸಿದರು. 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳು ಬಾಂಬೆ ಐಐಟಿಯಲ್ಲಿ ದೇಶದಲ್ಲೇ ತಯಾರಾದ ಮೊದಲ ಕಾರ್-ಟಿ ಚಿಕಿತ್ಸೆಯನ್ನು, ಅಂದರೆ ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ವಾಪಸ್ ಕೊಡುವ ಚಿಕಿತ್ಸೆಯನ್ನು, ಉದ್ಘಾಟಿಸಿದ ಫೋಟೋ. "ಅದೇ ಟೆಕ್ನಾಲಜಿ ಸರ್, ನಿಮ್ಮ ಸ್ವಂತ ಇಮ್ಯೂನ್ ಸೆಲ್." ಮುಂದಿನದು ಜಪಾನಿನ ಸುದ್ದಿ, ಕ್ಯೋಟೋದಲ್ಲಿ ಪಾರ್ಕಿನ್ಸನ್‌ಗೆ ಸ್ಟೆಮ್ ಸೆಲ್. ಎರಡೂ ಸುದ್ದಿ ನಿಜ. ಅದಕ್ಕೇ ನಾನು ಬಿದ್ದದ್ದು. ಪೂರ್ತಿ ಸುಳ್ಳು ಹೇಳಿದ್ದರೆ ಎದ್ದು ಬರುತ್ತಿದ್ದೆನೇನೋ.

ಪ್ಯಾಕೇಜ್ ಹೀಗೆ. ಮೂರು ಸಿಟಿಂಗ್, ಒಂದಕ್ಕೆ 2 ಲಕ್ಷ. ಜೊತೆಗೆ "ಇಮ್ಯೂನ್ ಸೆಲ್ ಬೂಸ್ಟರ್" ಅಂತ 1,20,000. ಒಟ್ಟು 7,20,000. ಅಮ್ಮನ ಬಳೆ ಅಡ ಇಟ್ಟೆ, ಉಳಿದದ್ದು ಪರ್ಸನಲ್ ಲೋನ್. ಪೂರ್ತಿ ಮುಂಗಡ ಕಟ್ಟಿದರೆ ಬೂಸ್ಟರ್‌ನಲ್ಲಿ 10,000 ಕಡಿಮೆ ಅಂದರು. ಸೋಫಾ ಸೆಟ್ ಕೊಳ್ಳುವ ಹಾಗೆ ನಾನು 15,000 ಕೇಳಿದೆ. ಕೊಟ್ಟರು. ಗೆದ್ದೆ ಅಂದುಕೊಂಡೆ ನೋಡಿ!

ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು, ಅದರಿಂದ ಸೆಲ್ ಬೇರೆ ಮಾಡಿ ಬೆನ್ನಿನಲ್ಲಿ ಸೂಜಿ ಚುಚ್ಚಿ ಬಿಟ್ಟರು. ಬೂಸ್ಟರ್ ಕೈಗೆ ಡ್ರಿಪ್. ಮನೆಗೆ ಬರುವಾಗ ಒಂದು ಚೀಟಿ ಕೊಟ್ಟರು, ಮಾತ್ರೆಗಳದ್ದು. ಆ ಚೀಟಿ ನೆನಪಿರಲಿ.

ಒಂಬತ್ತನೇ ದಿನ ಬೆಳಿಗ್ಗೆ ಅಪ್ಪ ಕನ್ನಡಿ ಮುಂದೆ ನಿಂತು ಮೇಲಿನಿಂದ ಕೆಳಗೆ ಐದೂ ಗುಂಡಿ ಹಾಕಿಕೊಂಡರು. ಅಮ್ಮ ಅತ್ತಳು. ನಾನೂ ಅತ್ತೆ. ವಿಡಿಯೋ ಮಾಡಿದೆ. ಕ್ಲಿನಿಕ್‌ನವರಿಗೂ ಕಳಿಸಿದೆ, ನಮ್ಮ ಬಳಗದ ನಾಲ್ಕು ಗುಂಪಿಗೂ ಹಾಕಿದೆ.

ಮೂರನೇ ವಾರ ಅಪ್ಪನ ಕುತ್ತಿಗೆ, ಭುಜ ತಾವಾಗಿಯೇ ತಿರುಚೋಕೆ ಶುರುವಾಯಿತು. ನಡುಕ ಅಲ್ಲ, ಬೇರೆ ತರಹ, ಕೂತಲ್ಲೇ ಕುಣಿದ ಹಾಗೆ. ಗಾಬರಿಯಾಗಿ ಮೆಸೇಜ್ ಹಾಕಿದೆ. ಬಂದ ಉತ್ತರ: "ಸೆಲ್ಸ್ ಆಕ್ಟಿವ್ ಆಗ್ತಿವೆ ಸರ್, ಗುಡ್ ಸೈನ್." ಪಕ್ಕದಲ್ಲಿ ಕೈ ಮುಗಿಯುವ ಚಿತ್ರ. ಗುಡ್ ಸೈನ್ ಅಂತೆ! ಆ ನಂಬಿಕೆಯ ಮೇಲೆ ಎರಡನೇ ಸಿಟಿಂಗೂ ಮಾಡಿಸಿದೆ. ಹೌದು, ಮಾಡಿಸಿದೆ.

ರಾತ್ರಿ ನಿದ್ದೆಯೂ ಇಲ್ಲದ ಹಾಗಾದಾಗ ಅಕ್ಕ ಹಟ ಹಿಡಿದು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ಬೆಳಿಗ್ಗೆ ಆರಕ್ಕೆ ಹೋಗಿ ಸಾಲಿನಲ್ಲಿ ನಿಂತೆವು. ನೋಡಿದ ಡಾಕ್ಟರ್ ಚಿಕ್ಕ ವಯಸ್ಸಿನವರು. ನಾನು ಸ್ಟೆಮ್ ಸೆಲ್ ಫೈಲ್ ಮುಂದಿಟ್ಟೆ, ಹೆಮ್ಮೆಯಿಂದಲೇ. ಅವರು ಅದನ್ನು ಪಕ್ಕಕ್ಕೆ ಸರಿಸಿ ಮಾತ್ರೆ ಚೀಟಿ ಕೇಳಿದರು. ಅದರ ಮೇಲೆ ಬೆರಳಿಟ್ಟು ಕೇಳಿದರು, "ಸಿಂಡೋಪಾ ಮೂರು ಹೊತ್ತು ಇದ್ದದ್ದು ಐದು ಹೊತ್ತು ಯಾವಾಗ ಆಯ್ತು?"

ಸಿಂಡೋಪಾ ಅಂದರೆ ಅಪ್ಪ ಮೊದಲಿನಿಂದಲೂ ನುಂಗುತ್ತಿದ್ದ ಪಾರ್ಕಿನ್ಸನ್ ಮಾತ್ರೆ. ಚೀಟಿಯ ಮೇಲೆ ತಾರೀಖು ಇತ್ತು. ಮೊದಲನೇ ಸಿಟಿಂಗ್ ದಿನದ್ದೇ.

"ಗುಂಡಿ ಹಾಕಿಸಿದ್ದು ಈ ಮಾತ್ರೆ," ಅಂದರು. "ಕುತ್ತಿಗೆ ತಿರುಚ್ತಿರೋದೂ ಇದರಿಂದಾನೇ. ಡೋಸ್ ಜಾಸ್ತಿ ಆಗಿದೆ." ಮೆತ್ತಗೆ ಹೇಳಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಲವೇ ರೂಪಾಯಿಯ ಮಾತ್ರೆ ಅದು, ನಮ್ಮೂರಿನ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತೆ. ದುಡ್ಡು ಕೊಟ್ಟು ಚಿಕಿತ್ಸೆ ಮಾಡಿಸಿದಾಗ ಬರುವ ನಂಬಿಕೆಯಿಂದಲೂ ಈ ಕಾಯಿಲೆಯಲ್ಲಿ ಸ್ವಲ್ಪ ದಿನ ಸುಧಾರಿಸಿದ ಹಾಗೆ ಆಗುವುದುಂಟಂತೆ. ನಾನು ಜಪಾನಿನ ಸುದ್ದಿ ಎತ್ತಿದೆ. ಕ್ಯೋಟೋದವರು 2018ರಲ್ಲಿ ಶುರು ಮಾಡಿದ್ದು ಏಳು ರೋಗಿಗಳ ಪ್ರಯೋಗ, ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಕಡಿಮೆಯಾಗುವ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಸೆಲ್‌ಗಳನ್ನು ಲ್ಯಾಬಿನಲ್ಲಿ ಬೆಳೆಸಿ ಆಪರೇಷನ್ ಮಾಡಿ ಮೆದುಳಿಗೇ ಇಟ್ಟರು. ಸೊಂಟದ ಮಜ್ಜೆ ತೆಗೆದು ಬೆನ್ನಿಗೆ ಹಾಕಿದ್ದಲ್ಲ ಅಂದರು. ರಾಷ್ಟ್ರಪತಿಗಳ ಫೋಟೋದಲ್ಲಿದ್ದ ಚಿಕಿತ್ಸೆ ಇರುವುದು ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗೆ. ಪಾರ್ಕಿನ್ಸನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ನಾನು ಓದಿದವನು, ಒಂದು ಸಲ ಹುಡುಕಿ ನೋಡಬಹುದಿತ್ತಲ್ವಾ.

ಆ ರಾತ್ರಿ ಫೈಲ್ ತೆಗೆದು ಕೂತೆ. ಒಪ್ಪಿಗೆ ಪತ್ರದ ಏಳನೇ ಪುಟದಲ್ಲಿ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಇದು ಪ್ರಾಯೋಗಿಕ ವಿಧಾನ, ಫಲಿತಾಂಶದ ಖಾತರಿ ಇಲ್ಲ ಅಂತ ಇದೆ. ಕೆಳಗೆ ಅಪ್ಪನ ಇರುವೆ ಸಾಲಿನ ಸಹಿ. ಪ್ರಯೋಗ ಆದರೆ ನನ್ನ ಹತ್ತಿರ ದುಡ್ಡು ಯಾಕೆ ತೆಗೆದುಕೊಂಡರು? ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಥರದ್ದು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಗಳು ಪ್ರಯೋಗದ ಒಳಗೇ ನಡೆಯಬೇಕು ಅಂತ ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ. ಪ್ರಯೋಗಕ್ಕೆ ರೋಗಿಯ ಹತ್ತಿರ ದುಡ್ಡು ಕೇಳುವ ಹಾಗಿಲ್ಲ. ಅಂದರೆ ನಾನು 7,05,000 ಕಟ್ಟಿದ್ದು ಚಿಕಿತ್ಸೆಗೂ ಅಲ್ಲ, ಪ್ರಯೋಗಕ್ಕೂ ಅಲ್ಲ.

ಕ್ಲಿನಿಕ್‌ಗೆ ಹೋಗಿ ಇದನ್ನೇ ಕೇಳಿದೆ. ಅಮ್ಮನೂ ಜೊತೆಗಿದ್ದಳು. ಕೌನ್ಸೆಲರ್ ನಗುನಗುತ್ತಲೇ, "ದೋಸೆ ಹಿಟ್ಟು ಹುಳಿ ಬರೋಕೂ ಟೈಮ್ ಬೇಕು ಅಲ್ವಾ ಆಂಟಿ, ಸೆಲ್‌ಗೂ ಹಾಗೇ, ಆರು ತಿಂಗಳು ಕೊಡಿ" ಅಂದರು. ಅಮ್ಮ ಅಂದಳು, "ಆರು ತಿಂಗಳು ಬಿಟ್ರೆ ಹಿಟ್ಟಲ್ಲಿ ಹುಳ ಬೀಳುತ್ತಮ್ಮ." ಆ ಜಗಳದಲ್ಲಿ ನಾವು ಗೆದ್ದದ್ದು ಅದೊಂದೇ ಮಾತು.

ದೇಶದ ವೈದ್ಯಕೀಯ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ ಸಿಟಿಆರ್‌ಐನಲ್ಲಿ ಈ ಪ್ರಯೋಗದ ನೋಂದಣಿ ಸಂಖ್ಯೆ ಎಷ್ಟು ಅಂತ ಕೇಳಿದೆ. "ಅದು ಇಂಟರ್ನಲ್ ಸರ್." ಅದು ಇಂಟರ್ನಲ್ ಅಲ್ಲ ಸ್ವಾಮಿ, ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ಹುಡುಕಬಹುದಾದ ಪಟ್ಟಿ. ಮಾತ್ರೆ ಯಾಕೆ ಜಾಸ್ತಿ ಮಾಡಿದಿರಿ ಅಂದೆ. "ಸಪೋರ್ಟಿವ್ ಕೇರ್." ಮೂರನೇ ಸಿಟಿಂಗ್ ದುಡ್ಡಾದರೂ ವಾಪಸ್ ಕೊಡಿ ಅಂದೆ. ಕೊಡೋಕಾಗಲ್ಲ, ಬೇಕಾದರೆ ಮನೆಯಲ್ಲಿ ಬೇರೆ ಯಾರಿಗಾದರೂ "ಟ್ರಾನ್ಸ್‌ಫರ್" ಮಾಡಿಕೊಡ್ತೀವಿ, ಅಮ್ಮನಿಗೆ ಮಂಡಿನೋವು ಇದೆ ಅಂದಿದ್ರಲ್ಲ ಅಂದರು. ಕೊನೆಗೆ, "ನಿಮ್ಮ ತಂದೆಯವರು ಪಾಸಿಟಿವ್ ಆಗಿ ಇರಬೇಕಿತ್ತು ಸರ್." ಇದೊಂದು ಮಾತನ್ನು ನಾನು ಮರೆಯಲ್ಲ. ತಪ್ಪು ಅಪ್ಪನದಂತೆ.

ನಿಮಗೆ ಹೇಳುವುದು ಇಷ್ಟೇ. ಸಿಟಿಆರ್‌ಐ ಸಂಖ್ಯೆ ಕೊಡದಿದ್ದರೆ ಎದ್ದು ಬನ್ನಿ. ಪ್ರಯೋಗ ಅಂತ ಹೇಳಿ ದುಡ್ಡು ಕೇಳಿದರೂ ಎದ್ದು ಬನ್ನಿ. ನಿಮ್ಮ ಹಳೇ ಡಾಕ್ಟರ್‌ಗೆ ಹೇಳದೆ ಮಾತ್ರೆ ಬದಲಾಯಿಸಬೇಡಿ. ನನ್ನ ಹಾಗೆ ಸಿಕ್ಕಿಬಿದ್ದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ರಶೀದಿ ಎಸೆಯಬೇಡಿ. ಕಾಫಿ ಕುಡಿಯಬೇಡಿ.

ವಿಡಿಯೋ ತೆಗೆದುಹಾಕಿ ಅಂತ ಕ್ಲಿನಿಕ್‌ನವರಿಗೆ ಮೂರು ಸಲ ಬರೆದಿದ್ದೇನೆ, ಇನ್ನೂ ಓಡುತ್ತಿದೆ. ಅದನ್ನು ನೋಡಿ ಅರಸೀಕೆರೆ ಕಡೆಯವರೊಬ್ಬರು ತಾಯಿಗೆ ಒಂದು ಸಿಟಿಂಗ್ ಮಾಡಿಸಿ, ನಿನ್ನೆ ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ದರು. ಹದಿನೈದು ದಿನ ಆಯಿತಂತೆ, ಏನೂ ಬದಲಾವಣೆ ಇಲ್ಲವಂತೆ. ಇಲ್ಲಿ ಬರೆದದ್ದನ್ನೆಲ್ಲ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, "ಆದ್ರೆ ಗುಂಡಿ ಹಾಕಿದ್ದು ನಿಜ ತಾನೇ ಸಾರ್?" ಅಂತ ಕೇಳಿದರು.