ನೆಲದಲ್ಲಿ ಸಿಕ್ಕ ಹಳೇ ಕಂಚಿಗೆ ಹುಣಸೆಹಣ್ಣು ಹಾಕಬೇಡಿ

ಮಣ್ಣಿನಲ್ಲಿ ಸಿಕ್ಕ ಹಳೇ ತಾಮ್ರ, ಕಂಚಿನ ಸಾಮಾನನ್ನು ಅದು ಏನು ಅಂತ ಗೊತ್ತಾಗುವ ಮೊದಲು ದಯವಿಟ್ಟು ತೊಳೆಯಬೇಡಿ. ನಾನು ತೊಳೆದು ಹಾಳು ಮಾಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ಸಫೋಕ್ ಕಡೆ. ರಜೆ ದಿನ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವುದು ನನ್ನ ಹವ್ಯಾಸ. ಹೊಲದವರ ಒಪ್ಪಿಗೆ ತಗೊಂಡೇ ಹೋಗಿದ್ದೆ. ಕೊಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ಒಂದು ಗೇಣು ಆಳದಲ್ಲಿ ಹಸಿರುಗಟ್ಟಿದ ಒಂದು ವಸ್ತು ಸಿಕ್ಕಿತು. ಕಿರುಬೆರಳಿನಷ್ಟು ಉದ್ದ, ಬಿದಿಗೆ ಚಂದ್ರನ ಹಾಗೆ ಬಾಗಿತ್ತು. ಮೇಲ್ಗಡೆ ಉದ್ದಕ್ಕೂ ಒಂದು ತೋಡು. ಅದರ ತುಂಬ ಕಪ್ಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಕೆಳಗಡೆ ದಾರ ಪೋಣಿಸುವಷ್ಟು ಪುಟ್ಟ ಬಳೆ. ಕುದುರೆ ಸಾಮಾನಾ, ಪೆಟ್ಟಿಗೆಯ ಹಿಡಿಯಾ, ಏನೂ ಹೊಳೆಯಲಿಲ್ಲ.

ಸ್ವಲ್ಪ ಬೆಳಗಿದರೆ ಗೊತ್ತಾಗಬಹುದು ಅಂದುಕೊಂಡೆ. ಅಮ್ಮ ತಾಮ್ರದ ಚೊಂಬು ಬೆಳಗುವುದನ್ನು ನೋಡಿಯೇ ಬೆಳೆದವನು. ಸ್ಟೀಲ್ ಬಟ್ಟಲಲ್ಲಿ ಹುಣಸೆಹಣ್ಣು ಕಿವುಚಿ, ಉಪ್ಪು ಹಾಕಿ, ನೆನೆಸಿಟ್ಟೆ. ನೀರು ಹಸಿರಾಯಿತು. ಬ್ರಷ್ಷಿನಲ್ಲಿ ತೋಡನ್ನು ತಿಕ್ಕಿದೆ. ಪಕ್ಕದ ಸಣ್ಣ ಗುಳಿಗಳಲ್ಲಿ ಕೆಂಪಗೆ ಏನೋ ಅಂಟಿತ್ತು. ಕೊಳೆ ಅಂತ ಪಿನ್ನಿನಿಂದ ಕೆದಕಿ ತೆಗೆದೆ. ಹತ್ತೇ ನಿಮಿಷ. ಹೊಸ ಕಾಸಿನ ಹಾಗೆ ಕೆಂಪಗೆ ಹೊಳೆಯಿತು. ತುಂಬಾ ಖುಷಿಪಟ್ಟೆ.

ಇಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅಂತ ಒಂದು ವ್ಯವಸ್ಥೆ ಇದೆ. 1997ರಲ್ಲಿ ಶುರುವಾದದ್ದು. ಸಿಕ್ಕಿದ ವಸ್ತುವನ್ನು ಅವರ ಅಧಿಕಾರಿಗೆ ತೋರಿಸಿದರೆ ಅದು ಏನು ಅಂತ ಹೇಳಿ ದಾಖಲೆ ಮಾಡಿಕೊಳ್ಳುತ್ತಾರೆ. ನಾನು ತೆಗೆದುಕೊಂಡು ಹೋದೆ. ಆ ಮೇಡಂ ನೋಡಿದ ತಕ್ಷಣ ಗುರುತಿಸಿದರು. ರೋಮನ್ನರ ಕಾಲದ ಬ್ರಿಟನ್ನಿನಲ್ಲಿ ಮುಖಕ್ಕೆ, ಕಣ್ಣಿಗೆ ಹಚ್ಚುವ ಬಣ್ಣವನ್ನು ಪುಡಿ ಮಾಡುತ್ತಿದ್ದ ಪುಟ್ಟ ಒರಳು ಅದು. ನಮ್ಮ ಕಾಡಿಗೆಯಂಥದ್ದು ಅನ್ನಿ. ಇದಕ್ಕೆ ಜೊತೆಯಾಗಿ ಹೀಗೇ ಬಾಗಿದ ಒಂದು ಪುಟ್ಟ ಗುಂಡೂ ಇರುತ್ತಿತ್ತಂತೆ. ಇಂಥವು ಏನೆಂದು ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. ಬ್ರಿಟಿಷ್ ಮ್ಯೂಸಿಯಂನ ರಾಲ್ಫ್ ಜಾಕ್ಸನ್ 1985ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಚಿತ್ರ ಸ್ಪಷ್ಟವಾಯಿತು. ಅರೆದು ಅರೆದು ತೋಡು ಸವೆದ ಗುರುತು ಅದಕ್ಕೆ ದೊಡ್ಡ ಸಾಕ್ಷಿ.

ಆ ಗುರುತನ್ನೇ ನಾನು ತಿಕ್ಕಿ ಹಾಕಿದ್ದೆ. ಅರೆದ ಬಣ್ಣದ ಕಣ ಉಳಿದಿರಬಹುದಾಗಿದ್ದ ತೋಡಿನ ಮಣ್ಣು ಎಲ್ಲಿ ಅಂತ ಅವರು ಕೇಳಿದರು. ಸಿಂಕಿನಲ್ಲಿ ಹರಿದುಹೋಗಿದೆ ಅಂದೆ. ಕೆಂಪು ಕೊಳೆ ಅಂದುಕೊಂಡಿದ್ದು ಎನಾಮಲ್, ಅಂದರೆ ಬಣ್ಣದ ಗಾಜನ್ನು ಕರಗಿಸಿ ಕೂರಿಸಿದ ಅಲಂಕಾರವಂತೆ. ಅವರು ಬೈಯಲಿಲ್ಲ. ಲೆನ್ಸ್ ಕೆಳಗಿಟ್ಟು ಸುಮ್ಮನಾದರು. ಬೈದಿದ್ದರೇ ವಾಸಿ ಅನಿಸಿತು.

ತಾಮ್ರ, ಕಂಚಿನ ಮೇಲಿನ ಹಸಿರು ಪದರ ಬರೀ ಕಿಲುಬಲ್ಲ. ಕೆತ್ತನೆ, ಮೂಲ ಮೈ, ಎಲ್ಲಾ ಉಳಿದಿರುವುದು ಆ ಪದರದಲ್ಲೇ. ಹುಳಿ ಅದನ್ನು ಕರಗಿಸಿಬಿಡುತ್ತದೆ. ಉಪ್ಪು ಇನ್ನೂ ಕೆಟ್ಟದ್ದು. ಅದರ ಕ್ಲೋರೈಡ್ ಲೋಹದೊಳಗೆ ಸೇರಿ, ತೇವ ಸಿಕ್ಕಾಗಲೆಲ್ಲ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ನನ್ನ ಒರಳಿನ ಮೇಲೂ ಕೆಲವೇ ವಾರಗಳಲ್ಲಿ ತಿಳಿಹಸಿರು ಪುಡಿಯ ಚುಕ್ಕಿಗಳು ಎದ್ದವು.

ಮಣ್ಣು ಅಂಟಿದ ಹಾಗೇ ಬಿಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಸಿಕ್ಕಿದ ಜಾಗವನ್ನು ಅಲ್ಲೇ ಬರೆದುಕೊಳ್ಳಿ. ಇಂಗ್ಲೆಂಡಿನಲ್ಲಿ 300 ವರ್ಷಕ್ಕಿಂತ ಹಳೆಯ ಚಿನ್ನ, ಬೆಳ್ಳಿಯ ವಸ್ತು ಸಿಕ್ಕಿದರೆ 14 ದಿನದೊಳಗೆ ತಿಳಿಸಲೇಬೇಕು, ಅದು ಕಾನೂನು. ಬರೀ ಕಂಚಿನ ಸಾಮಾನಾದರೂ ತೋರಿಸಿ, ತೊಳೆಯದೆ ತೋರಿಸಿ. ಊರಿನಲ್ಲಿರುವವರಿಗೂ ಒಂದು ಮಾತು: ಅಜ್ಜಿಯ ಪೆಟ್ಟಿಗೆಯಲ್ಲಿರುವ ಹಳೇ ತಾಮ್ರದ ದುಡ್ಡನ್ನು ಹೊಳೆಯಲಿ ಅಂತ ಉಜ್ಜಬೇಡಿ. ಅಕ್ಷರಗಳೇ ಸವೆದುಹೋಗುತ್ತವೆ.

ಒರಳು ಈಗ ಗಾಳಿಯಾಡದ ಡಬ್ಬಿಯಲ್ಲಿದೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ತಿಂಗಳಿಗೊಮ್ಮೆ ಪೊಟ್ಟಣ ಬದಲಿಸುವಾಗ ಹೊಸ ಚುಕ್ಕಿ ಎದ್ದಿದೆಯಾ ಅಂತ ನೋಡುತ್ತೇನೆ.